ಬಿಸಿ ತಿಳಿಯದ ಕಾಲು

ಪಟ್ಟಿ ನೀರು ಕುಡಿಯುತ್ತಿತ್ತು. ಬಕೆಟ್ಟಿನ ತಳದಲ್ಲಿ ಸುರುಳಿಯಾಗಿ ಮಲಗಿದ್ದ ಅದರ ಸಂದಿಗಳಿಂದ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಬಂದು ಮೇಲೆ ಒಡೆಯುತ್ತಿದ್ದವು, ನೀರಿನೊಳಗೆ ಯಾರೋ ಕೂತು ಯಾರದೋ ಚಾಡಿ ಹೇಳುತ್ತಿರುವ ಹಾಗೆ. ಮಿಣುಕಿ ಮೆಟ್ಟಿಲ ಕೆಳಗಿನ ಜಾಗದಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದಳು. ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯದಿರುವುದು ಅವಳ ಹಳೆಯ ಕಾಯಿಲೆ. ಚಿಕ್ಕಂದಿನಲ್ಲಿ ಅಜ್ಜಿ ಕಥೆ ಹೇಳುವಾಗ ಕಣ್ಣು ಪಿಳಿಪಿಳಿ ಮಾಡುತ್ತ ಕೂರುತ್ತಿದ್ದಳೆಂದು ಅಕ್ಕ ಇಟ್ಟ ಹೆಸರು ಮಿಣುಕಿ. ಮದುವೆಯ ವಯಸ್ಸು ಬಂದು ಪಕ್ಕದಲ್ಲಿ ನಿಂತು, ಬೇಜಾರಾಗಿ ಹೊರಟುಹೋದ ಮೇಲೂ ಆ ಹೆಸರು ಮಾತ್ರ ಬಿಟ್ಟು ಹೋಗಿರಲಿಲ್ಲ. ಇವತ್ತು ಹಾಗೆ ಗುಳ್ಳೆ ನೋಡುತ್ತ ಕೂರುವಂತಿಲ್ಲ. ಸಂಜೆಗೆ ಸೋದರತ್ತೆ ಬರುತ್ತಾರೆ. ಬಂದರೆ ಅಕ್ಕನನ್ನು ಕರೆದುಕೊಂಡೇ ಹೋಗುತ್ತಾರೆ. ಅಕ್ಕ ಕನ್ನಡಕ ರಿಪೇರಿ ಮಾಡುವ ಅಂಗಡಿ ಸೇತುವೆಯ ಆಚೆ, ಅತ್ತೆಯ ಮನೆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ. ನಾಳೆಯಿಂದ ಅಕ್ಕ ಮತ್ತೆ ಕೆಲಸಕ್ಕೆ ಹೋಗಬೇಕು, ಬಸ್ಸಿನ ಮೆಟ್ಟಿಲು ಅವಳ ಕಾಲಿಗೆ ಎತ್ತರ, ಬೈಕು ಇನ್ನು ಬೇಡವೇ ಬೇಡ, ಆದ್ದರಿಂದ ಅವಳು ನನ್ನ ಮನೆಯಲ್ಲೇ ಇರಲಿ ಎಂದು ಅತ್ತೆ ಫೋನಿನಲ್ಲಿ ಹೇಳಿದ್ದರು. ಮಿಣುಕಿ ಬಾಯಿ ತೆರೆಯುವ ಮೊದಲೇ, "ನಿನ್ನ ಕೈಗೆ ಕೊಟ್ಟು ನೋಡಿದ್ದಾಯ್ತಲ್ಲ ಒಂದ್ಸಲ. ಇನ್ನೂ ನೋಡ್ಬೇಕಾ?" ಎಂದಿದ್ದರು. ಅಕ್ಕ ಹೋಗುತ್ತೇನೆ ಎಂದಿರಲಿಲ್ಲ. ಹೋಗುವುದಿಲ್ಲ ಎಂದೂ ಅಂದಿರಲಿಲ್ಲ. ಆದರೆ ಅವಳ ಬಟ್ಟೆಯ ಬ್ಯಾಗು ಮಂಚದ ಕೆಳಗಿನಿಂದ ಮಂಚದ ಮೇಲೆ ಬಂದಿತ್ತು.

ಪಟ್ಟಿ ಎಂದರೆ ಗಾಜಿನ ನೂಲಿನಲ್ಲಿ ನೇಯ್ದ, ಅಂಗೈ ಅಗಲದ ದಪ್ಪ ಲಾಡಿ. ಬೈಕಿನ ಹೊಗೆ ಪೈಪಿಗೆ ಅದನ್ನು ಬಿಗಿಯಾಗಿ ಸುತ್ತಿದರೆ ಶಾಖ ಒಳಗೇ ಉಳಿಯುತ್ತದೆ, ಹೊರಗೆ ಅಷ್ಟು ಸುಡುವುದಿಲ್ಲ. ಗ್ಯಾರೇಜಿನವರು ಅದನ್ನು ಬ್ಯಾಂಡೇಜು ಎನ್ನುತ್ತಾರೆ. ಅದೇ ಗ್ಯಾರೇಜಿನ ಮೂಲೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು ಮಿಣುಕಿ ನಂಬರ್ ಪ್ಲೇಟು ಬರೆಯುತ್ತಾಳೆ. ಅವಳ ಅಂಕಿಗಳು ಅಚ್ಚು ಹಾಕಿದ ಹಾಗೆ ನಿಲ್ಲುತ್ತವೆ. ಆದರೆ ಸ್ಪ್ಯಾನರು ಹಿಡಿದವರ ಕಣ್ಣಿಗೆ ಬ್ರಷ್ಷು ಹಿಡಿದವಳು ಅರ್ಧ ಗಿರಾಕಿಯೇ. ನಿನ್ನೆ ಸಂಜೆ ಒಂದು ರೋಲು ಪಟ್ಟಿ ಬೇಕು ಎಂದು ಕೇಳಿದಾಗ ಹೆಡ್ ಮಿಸ್ತ್ರಿ ಕೈಯೊರೆಸಿಕೊಳ್ಳುತ್ತ, "ಯಾಕಮ್ಮಾ, ರೇಸಿಗೆ ಹೋಗ್ತೀಯ?" ಎಂದ. ಎಲ್ಲರೂ ನಕ್ಕರು. "ಅಕ್ಕನ್ನ ಕೂರಿಸ್ಕೊಂಡು ಹೋಗೋಕೆ" ಎಂದಾಗ ನಗು ನಿಂತಿತು. ಅದು ಇನ್ನೂ ಕೆಟ್ಟದಾಗಿತ್ತು. ಅವಳ ಬೈಕಿನ ಪೈಪಿಗೆ ತಾಗಿ ಅಕ್ಕನ ಕಾಲು ಸುಟ್ಟದ್ದು ಎಲ್ಲರಿಗೂ ಗೊತ್ತಿತ್ತು. ಮಿಸ್ತ್ರಿ ರೋಲು ತಂದುಕೊಟ್ಟು, "ಎರಡೂ ಕಾಲು ಎಡಗಡೆಗೇ ಹಾಕಿ ಕೂರೋಕಾಗಲ್ವಾ ಅವರಿಗೆ?" ಎಂದು ಮೆಲ್ಲಗೆ ಕೇಳಿದ. ಆಗುವುದಿಲ್ಲ. ಹಾಗೆ ಕೂರಿಸಿ ನೋಡಿದ್ದಾಗ ಮೊದಲ ತಿರುವಿನಲ್ಲೇ ಅಕ್ಕ ಮೂಟೆಯ ಹಾಗೆ ಜಾರಿದ್ದಳು. ಒತ್ತಿ ಹಿಡಿಯಲು ಕಾಲಿಗೆ ತಾನು ಎಲ್ಲಿದ್ದೇನೆಂಬುದು ಗೊತ್ತಿರಬೇಕಲ್ಲ. ಮಿಸ್ತ್ರಿ ಇನ್ನೂ ಏನೇನೋ ಹೇಳಿದ, ನೆನೆಸು, ಕೈಗೆ ಗ್ಲೌಸು ಹಾಕು, ಬಾಲದಿಂದ ತಲೆಗೆ ಹೋಗು ಎಂದ. ಅಷ್ಟರಲ್ಲಿ ಹಿಂದಿನಿಂದ ಯಾವನೋ, "ನಂಬರ್ ಬರಿಯೋರು ಪೈಪ್ ಸುತ್ತೋಕೆ ನಿಂತ್ರೆ ನಾವು ರಂಗೋಲಿ ಹಾಕ್ಬೇಕಾಗುತ್ತೆ" ಎಂದ. ಅವಳ ಕಿವಿ ಬಿಸಿಯಾಗಿ ಮುಂದಿನದು ಯಾವುದೂ ಒಳಗೆ ಇಳಿಯಲಿಲ್ಲ.

ಬೆಳಿಗ್ಗೆ ಎದ್ದವಳೇ ಪೈಪು ಉಜ್ಜಲು ಕೂತಿದ್ದಳು. ಎಂಜಿನ್ನಿನ ಎದೆಯಿಂದ ಹೊರಟು, ಮುಂದೆ ಬಾಗಿ, ಕೆಳಗಿಳಿದು, ಬಲಗಡೆ ಹಿಂದಕ್ಕೆ ಹರಿಯುವ ಬೆಂಡ್ ಪೈಪು. ಅದು ಹಿಂದೆ ಕೂತವರ ಫುಟ್‌ರೆಸ್ಟಿನ ಕೆಳಗೆ ಸೈಲೆನ್ಸರಿಗೆ ಸೇರುತ್ತದೆ. ತುಕ್ಕಿನ ಮೇಲೆ ಪಟ್ಟಿ ಸುತ್ತಿದರೆ ಒಳಗೊಳಗೇ ಕೊಳೆಯುತ್ತದೆಂದು ಅವಳಿಗೆ ತಾನಾಗಿಯೇ ಹೊಳೆದಿತ್ತು. ಸ್ಯಾಂಡ್ ಪೇಪರಿನ ಕೆಳಗೆ ತುಕ್ಕು ಕೆಂಪು ಹಿಟ್ಟಾಗಿ ಉದುರಿತು, ಗ್ರೀಸು ಕರಗಿತು, ಪೈಪು ಮೆಲ್ಲಮೆಲ್ಲನೆ ಬೆಳ್ಳಗಾಯಿತು. ಫುಟ್‌ರೆಸ್ಟಿನ ಕೆಳಗೆ ಮಾತ್ರ ಒಂದು ಕಪ್ಪು ಕಲೆ ಬಿಡಲಿಲ್ಲ. ಅಕ್ಕನ ಚಪ್ಪಲಿಯ ರಬ್ಬರು ಕರಗಿ ಅಂಟಿದ್ದು. ರಬ್ಬರೇ ಎಂದು ತನಗೆ ತಾನೇ ಹೇಳಿಕೊಂಡಳು. ರಬ್ಬರಿನ ಅಂಚಿನಲ್ಲಿ ತೆಳ್ಳಗೆ, ಕಂದು ಬಣ್ಣದಲ್ಲಿ, ಹಾಲಿನ ಕೆನೆ ಒಣಗಿದ ಹಾಗೆ ಇನ್ನೊಂದೇನೋ ಇತ್ತು. ಅದೇನೆಂದು ತನ್ನನ್ನು ಕೇಳಿಕೊಳ್ಳಲಿಲ್ಲ. ಉಜ್ಜಿದಳು. ಹೊಸ ಪೇಪರು ತೆಗೆದು ಮತ್ತೆ ಉಜ್ಜಿದಳು. ನಂಬರ್ ಪ್ಲೇಟಿನ ಮೇಲೆ ಒಂದು ಅಂಕಿ ತಪ್ಪಿದರೆ ಥಿನ್ನರು ಹಾಕಿ ಒರೆಸಿ ಹೊಸದಾಗಿ ಬರೆಯಬಹುದು, ತಪ್ಪಿದ್ದೇ ಯಾರಿಗೂ ತಿಳಿಯುವುದಿಲ್ಲ. ಕಲೆ ಹೋಯಿತು. ಹೋದ ಜಾಗ ಉಳಿದ ಪೈಪಿಗಿಂತ ಹೆಚ್ಚು ಹೊಳೆಯುತ್ತ, ಇಲ್ಲೇ, ಇಲ್ಲೇ ಎಂದು ತೋರಿಸುತ್ತಿತ್ತು.

"ಸ್ನಾನದ ಬಕೆಟ್ಟಲ್ಲಿ ನೆನೆ ಹಾಕಿದ್ದೀಯಲ್ಲೇ ಅದನ್ನ?"

ಅಕ್ಕ ಇಳಿದು ಬರುತ್ತಿದ್ದಳು. ಮೊದಲು ಕೋಲು, ಆಮೇಲೆ ಎಡಗಾಲು, ಆಮೇಲೆ ನಿದ್ದೆಗಣ್ಣಿನ ಮಗುವನ್ನು ಕೈಹಿಡಿದು ಇಳಿಸಿದ ಹಾಗೆ ಬಲಗಾಲು. ನಡುವಿನ ಮೆಟ್ಟಿಲ ಮೇಲೆ ಕೂತು, ಎರಡೂ ಕೈಯಿಂದ ಬಲಗಾಲನ್ನು ಎತ್ತಿ ಕೆಳಗಿನ ಮೆಟ್ಟಿಲ ಮೇಲಿಟ್ಟಳು. ಬೆನ್ನಿನ ಆಪರೇಷನ್ ಆದಾಗಿನಿಂದ ಆ ಕಾಲಿಗೆ ಮೊಣಕಾಲ ಕೆಳಗೆ ಏನೂ ತಿಳಿಯುವುದಿಲ್ಲ. ಚಳಿ ಇಲ್ಲ, ಬಿಸಿ ಇಲ್ಲ, ಇರುವೆ ಕಚ್ಚಿದರೂ ಇಲ್ಲ. ನಡೆಯುತ್ತದೆ, ಆದರೆ ಹೇಳಿದ ಮಾತು ಕೇಳುವ ಆಳಿನ ಹಾಗೆ ನಡೆಯುತ್ತದೆ, ಮನೆಯವರ ಹಾಗಲ್ಲ. ಮೀನಖಂಡದ ಹೊರಬದಿಯಲ್ಲಿ ಅಂಗೈಯಷ್ಟು ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಮಿಣುಕಿಯ ಕಣ್ಣು ಅಲ್ಲಿಗೆ ಹೋಗಿ, ಕೂಡಲೇ ಬಕೆಟ್ಟಿಗೆ ಬಂತು.

"ತೊಳೆದಿಡ್ತೀನಿ ಬಿಡು."

"ಗಾಜಿನ ನೂಲು ಕಣೇ ಅದು. ನಾಳೆ ಸ್ನಾನ ಮಾಡಿದ್ರೆ ಮೈಯೆಲ್ಲ ತುರಿಕೆ. ನನಗೇನು, ಮುಕ್ಕಾಲು ಮೈ ಕೆರ್ಕೊಂಡ್ರೆ ಸಾಕು. ನಿನಗೆ ಪೂರ್ತಿ."

ನಗಬೇಕೋ ಬೇಡವೋ ತಿಳಿಯಲಿಲ್ಲ. ಅಕ್ಕನಿಗೆ ಈಗ ಕಾಲಿನ ಮೇಲೆ ತಮಾಷೆ ಮಾಡುವ ಹಕ್ಕು ಬಂದಿತ್ತು, ಮಿಣುಕಿಗೆ ನಗುವ ಹಕ್ಕು ಹೋಗಿತ್ತು. ಗ್ಲೌಸು ಹಾಕಿಕೊಂಡು ಪಟ್ಟಿಯನ್ನು ಎತ್ತಿ ಹಿಂಡಿದಳು. ಅದು ಹಸಿಯಾಗಿ ಭಾರವಾಗಿ, ಈಗಷ್ಟೇ ಹುಟ್ಟಿದ ಯಾವುದೋ ಪ್ರಾಣಿಯ ಹಾಗೆ ಕೈಯಿಂದ ಜೋತುಬಿತ್ತು. ಒಂದು ತುದಿಯನ್ನು ಎಂಜಿನ್ನಿನ ಬಾಯಿಗೆ ಒತ್ತಿ ಹಿಡಿದು ಸ್ಟೀಲಿನ ಟೈ ಹಾಕಿ ಬಿಗಿದಳು. ಅಲ್ಲಿಂದಲೇ ಶುರು ಮಾಡಬೇಕೆಂದು ಅವಳಿಗೆ ರಾತ್ರಿಯೇ ನಿರ್ಧಾರವಾಗಿತ್ತು. ಬೆಂಕಿ ಹುಟ್ಟುವುದು ಅಲ್ಲಿ, ಕಟ್ಟುವುದೂ ಅಲ್ಲಿಂದಲೇ. ಕೋಟೆಯ ಬಾಗಿಲಲ್ಲೇ ರಾಕ್ಷಸನನ್ನು ಹಿಡಿದರೆ ಊರೊಳಗೆ ಬರುವುದಿಲ್ಲ. ಸುತ್ತು ಹಾಕಿದಳು, ಎಳೆದಳು, ಪದರಿನ ಮೇಲೆ ಪದರು ಸ್ವಲ್ಪ ಏರುವಂತೆ ಮತ್ತೆ ಸುತ್ತಿದಳು. ಬಾಗಿದ ಜಾಗದಲ್ಲಿ ಒಳಬದಿ ಸುಕ್ಕಾಯಿತು, ಬಿಚ್ಚಿ ಮತ್ತೆ ಎಳೆದಳು. ಬೆನ್ನು ಹಿಡಿಯಿತು. ಕೈ ಮಾತ್ರ ನಡುಗಲಿಲ್ಲ. ಬ್ರಷ್ಷು ಹಿಡಿದು ಪಳಗಿದ ಕೈ, ಯಾರು ನಕ್ಕರೂ ಅದು ತನ್ನ ಗೆರೆ ಬಿಡುವುದಿಲ್ಲ. ಸೈಲೆನ್ಸರಿನವರೆಗೆ ಬಂದು ಕೊನೆಯ ಟೈ ಬಿಗಿದು ಎದ್ದು ನಿಂತಾಗ, ಉಜ್ಜಿದ ಪೈಪಿಗೆ ಬೂದು ಬಣ್ಣದ ಮೈ ಬಂದಿತ್ತು.

ಅಕ್ಕ ಕನ್ನಡಕ ಮೂಗಿನ ತುದಿಗೆ ಸರಿಸಿ ನೋಡಿದಳು. ಜನರ ಮುರಿದ ಫ್ರೇಮುಗಳನ್ನು ನೋಡುವ ನೋಟ ಅದು. ಅದರಲ್ಲಿ ಕನಿಕರ ಇರುವುದಿಲ್ಲ.

"ಉಲ್ಟಾ ಸುತ್ತಿದ್ದೀಯ."

"ಏನು ಉಲ್ಟಾ?"

"ಪದರುಗಳ ಬಾಯಿ ನೋಡು. ಎಲ್ಲಾ ಮುಂದಕ್ಕೆ, ಮೇಲಕ್ಕೆ ತೆರ್ಕೊಂಡಿದೆ. ಮಳೆ ಬಂದ್ರೆ ಒಂದೊಂದು ಬಾಯೂ ಒಂದೊಂದು ಗುಟುಕು ನೀರು ಕುಡಿಯುತ್ತೆ. ಗಾಳಿ ನುಗ್ಗಿ ಎಬ್ಬಿಸುತ್ತೆ. ಕೆಳಗಿಂದ ಮೇಲಕ್ಕೆ ಬರ್ಬೇಕಿತ್ತು ನೀನು. ನರ್ಸಮ್ಮ ನನ್ನ ಕಾಲಿಗೆ ಎಲ್ಲಿಂದ ಸುತ್ತುತ್ತಿದ್ರು? ಬೆರಳಿಂದ ಶುರು ಮಾಡಿ ಮೊಣಕಾಲಿಗೆ. ನೀನೇ ಪಕ್ಕದಲ್ಲಿ ಕತ್ತರಿ ಹಿಡ್ಕೊಂಡು ನಿಂತಿರ್ತಿದ್ದೆ."

ಬಾಲದಿಂದ ತಲೆಗೆ ಎಂದು ಮಿಸ್ತ್ರಿ ಹೇಳಿದ್ದ. ನಗುವಿನ ಜೊತೆ ಬಂದ ಮಾತೆಂದು ಅದನ್ನೂ ನಗುವಿನ ಜೊತೆಗೇ ಎಸೆದಿದ್ದಳು. ನರ್ಸಮ್ಮ ಸುತ್ತುವಾಗ ಪಕ್ಕದಲ್ಲಿ ನಿಂತಿದ್ದು ನಿಜ, ಆದರೆ ನೋಡಿದ್ದು ಯಾವಾಗ? ಆ ಕೋಣೆಯ ಕಿಟಕಿಯಾಚೆ ನೀರಿನ ಟ್ಯಾಂಕಿನ ಮೇಲೆ ಒಂದು ಕೊಕ್ಕರೆ ಒಂಟಿ ಕಾಲಲ್ಲಿ ನಿಂತಿರುತ್ತಿತ್ತು. ಅವಳು ಅದನ್ನು ನೋಡುತ್ತಿದ್ದಳು, ಅಕ್ಕನ ಕಾಲನ್ನು ನೋಡಬಾರದೆಂದು ನೋಡುತ್ತಿದ್ದಳು. ಕೊಕ್ಕರೆಗೆ ಕಾಲು ಕಡ ಕೊಟ್ಟ ರಾಣಿಯ ಕಥೆ ಅಜ್ಜಿಯದು. ಒಬ್ಬ ರಾಣಿ, ಕುಂಟುತ್ತಿದ್ದ ಕೊಕ್ಕರೆಯನ್ನು ಕಂಡು ಮರುಗಿ ತನ್ನ ಒಂದು ಕಾಲು ಕೊಟ್ಟಳಂತೆ. ಅದನ್ನು ವಾಪಸು ಕೊಡಲು ಮನಸ್ಸಿಲ್ಲದೆ ಕೊಕ್ಕರೆ ಇವತ್ತಿಗೂ ಆ ಕಾಲನ್ನು ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡು ನಿಲ್ಲುತ್ತದಂತೆ. ಕಾಲು ಸುಟ್ಟ ಆ ದಿನ ಬೈಕಿನಲ್ಲಿ ಅದೇ ಕಥೆ ನಡೆದಿತ್ತು. ಬೇರೆ ಯಾವ ಕಥೆಯೂ ಇರಲಿಲ್ಲವೇ ನಾಲಿಗೆಗೆ? ಒಂಟಿ ಕಾಲಿನ ರಾಣಿ ಕುಪ್ಪಳಿಸುತ್ತ ಅರಮನೆಗೆ ಮರಳುತ್ತಿದ್ದಳು, ಗಾಳಿಗೆ ಹೆಲ್ಮೆಟ್ಟಿನ ಒಳಗಿಂದಲೇ ಮಿಣುಕಿ ಕೂಗಿ ಕೂಗಿ ಹೇಳುತ್ತಿದ್ದಳು, ಆಗ ಮೂಗಿಗೆ ಏನೋ ವಾಸನೆ ಹೊಡೆಯಿತು.

ಮಿಣುಕಿ ಕೊನೆಯ ಟೈ ಕತ್ತರಿಸಿ ಪಟ್ಟಿ ಬಿಚ್ಚತೊಡಗಿದಳು. ಸುತ್ತುವುದಕ್ಕಿಂತ ಬಿಚ್ಚುವುದು ಕಷ್ಟ. ಅರ್ಧ ಒಣಗಿದ ಪಟ್ಟಿ ಪೈಪನ್ನು ಕಚ್ಚಿ ಹಿಡಿದು, ನೂಲು ನೂಲಾಗಿ ಏಳುತ್ತಿತ್ತು. ಗ್ಲೌಸಿನ ಮೇಲೆ ಮಣಿಕಟ್ಟಿನಲ್ಲಿ ತುರಿಕೆ ಹತ್ತಿತು.

"ಬಿಡೇ" ಎಂದಳು ಅಕ್ಕ. "ಅತ್ತೆ ಬರೋದ್ರಲ್ಲಿದ್ದಾರೆ. ನಾನು ಅಲ್ಲಿಗೆ ಹೋದ್ರೆ ಆಕಾಶ ಏನು ಕೆಳಗೆ ಬೀಳಲ್ಲ."

"ನಿನಗೆ ಹೋಗ್ಬೇಕಾ?"

"ನಾನೇನು ಹಾಗಂದ್ನಾ?"

"ಹೋಗಲ್ಲ ಅಂತಾನೂ ಅನ್ಲಿಲ್ವಲ್ಲ."

ಅಕ್ಕ ಕೋಲಿನ ತುದಿಯಿಂದ ನೆಲದ ಮೇಲಿನ ತುಕ್ಕಿನ ಪುಡಿಯಲ್ಲಿ ಗೆರೆ ಎಳೆದಳು. "ಅವತ್ತು ನೀನು ಒಂದು ಮಾತು ಹೇಳಿದೆ, ನೆನಪಿದ್ಯಾ? ರಾಣಿ ಅರಮನೆ ಬಾಗಿಲಿಗೆ ಬಂದ್ಲು, ಅರಮನೆ ತುಂಬಾ ಸುಟ್ಟ ವಾಸನೆ ಅಂತ."

ಮಿಣುಕಿಯ ಕೈ ನಿಂತಿತು. ಅದನ್ನು ಅಕ್ಕ ಮರೆತಿದ್ದಾಳೆಂದು ಇಷ್ಟು ದಿನ ನಂಬಿಕೊಂಡಿದ್ದಳು. ಇಲ್ಲ, ನಂಬಿರಲಿಲ್ಲ, ಮರೆತಿರಲಿ ಎಂದು ದಿನವೂ ಅಕ್ಕನ ಮುಖ ನೋಡಿಕೊಂಡು ತಿರುಗಿದ್ದಳು.

"ವಾಸನೆ ಬಂತು ನಿನಗೆ. ಬಂದಿದ್ದನ್ನ ಕಥೆಗೆ ಸೇರಿಸಿಬಿಟ್ಟೆ. ನಾನು ದೊಡ್ಡ ಜಾಣೆ, ಅಡುಗೆಯವನು ನಿದ್ದೆ ಹೋಗಿರ್ಬೇಕು ಅಂತ ನಗಾಡಿದೆ. ನನ್ನ ಕಾಲೇ ಬೇಯ್ತಾ ಇತ್ತು ಅಲ್ಲಿ." ಅಕ್ಕನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಮಿಣುಕಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು. "ಸಿಗ್ನಲ್ಲಿನಲ್ಲಿ ಆ ಸ್ಕೂಟರಿನವನು ಹೇಳದೆ ಇದ್ದಿದ್ರೆ ಅಂಗಡಿವರೆಗೂ ಹಾಗೇ ಹೋಗ್ತಿದ್ವಿ."

"ಹೌದು" ಎಂದಳು ಮಿಣುಕಿ. ಗಂಟಲಿನಲ್ಲಿ ಬೇರೆ ಮಾತುಗಳೂ ಸಾಲುಗಟ್ಟಿ ನಿಂತಿದ್ದವು. ಕಸ ಸುಡುತ್ತಿದ್ದಾರೆ ಅಂದ್ಕೊಂಡೆ, ಗಾಳಿ ಜೋರಿತ್ತು, ನೀನೂ ನಗ್ತಿದ್ದೆಯಲ್ಲ. ಒಂದೊಂದನ್ನೂ ವಾಪಸು ಕಳಿಸಿದಳು. "ವಾಸನೆ ಬಂದಿತ್ತು. ನಿಲ್ಲಿಸ್ಬೇಕಿತ್ತು."

ಅಕ್ಕ ತುಕ್ಕಿನ ಪುಡಿಯಲ್ಲಿ ಎಳೆದ ಗೆರೆಯನ್ನು ಕೋಲಿನಿಂದಲೇ ಅಳಿಸಿದಳು. ಆಮೇಲೆ ಕೋಲನ್ನು ಪಕ್ಕಕ್ಕಿಟ್ಟು ಕೈ ಚಾಚಿ, "ಕೊಡಿಲ್ಲಿ ಆ ಕಡೆ ತುದಿ. ನಾನು ಎಳೆದು ಹಿಡ್ಕೋತೀನಿ, ನೀನು ಸುತ್ತು. ಒಬ್ಬಳೇ ಮಾಡಿದ್ರೆ ಮತ್ತೆ ಸಡಿಲ ಆಗುತ್ತೆ" ಎಂದಳು.

ಬಕೆಟ್ಟಿನಲ್ಲಿ ಪಟ್ಟಿ ಮತ್ತೆ ನೆನೆಯಿತು. ಈ ಸಲ ಬಾಲದಿಂದ. ಸೈಲೆನ್ಸರಿನ ಕಡೆ ಮೊದಲ ಟೈ, ಅಲ್ಲಿಂದ ಮುಂದಕ್ಕೆ, ಮೇಲಕ್ಕೆ, ಒಂದೊಂದು ಸುತ್ತೂ ಹಿಂದಿನ ಸುತ್ತಿನ ಅಂಚನ್ನು ಹಂಚು ಹೊದಿಸಿದ ಹಾಗೆ ಮುಚ್ಚುತ್ತ. ಮೆಟ್ಟಿಲ ಮೇಲೆ ಕೂತ ಅಕ್ಕ ಬಾಚಣಿಗೆಗೆ ಕೂದಲು ಎಳೆದು ಕೊಡುವವಳಂತೆ ಪಟ್ಟಿಯನ್ನು ಜಗ್ಗಿ ಹಿಡಿದು ಇಷ್ಟಿಷ್ಟೇ ಬಿಡುತ್ತಿದ್ದಳು. "ಸುಕ್ಕು." "ಕಾಣ್ತಿದೆ." "ಕಂಡ್ರೆ ಸರಿ ಮಾಡು, ಕಾಣ್ತಿದೆ ಅಂತ ನನಗ್ಯಾಕೆ ಹೇಳ್ತೀಯ?" ಇಬ್ಬರೂ ಇಷ್ಟು ಹತ್ತಿರ ಕೂತು ಒಂದು ಕೆಲಸ ಮಾಡಿ ಎಷ್ಟು ಕಾಲವಾಗಿತ್ತು. ಅಮ್ಮ ಹೋದ ಮೇಲೆ ಹಾಸಿಗೆಯ ದೊಡ್ಡ ಚಾದರ ಹಿಂಡುವಾಗ ಹೀಗೆ ಒಬ್ಬೊಬ್ಬರು ಒಂದೊಂದು ತುದಿ ಹಿಡಿಯುತ್ತಿದ್ದರು, ಅಕ್ಕ ತಿರುಚಿದ ಕಡೆಗೇ ಇವಳೂ ತಿರುಚಿ, ನೀರು ಹೋಗದೆ, ಬೈಸಿಕೊಳ್ಳುತ್ತಿದ್ದಳು. ಕೊನೆಯ ಟೈ ಎಂಜಿನ್ನಿನ ಬಾಯಿಯ ಹತ್ತಿರ ಕಚ್ಚಿತು. ಬೆರಳಿನಿಂದ ಪದರುಗಳ ಮೇಲೆ ಸವರಿದಳು. ಮುಂದಿನಿಂದ ಹಿಂದಕ್ಕೆ ಸವರಿದಾಗ ಬೆರಳು ಎಲ್ಲೂ ತಡೆಯಲಿಲ್ಲ.

ಕಿಕ್ ಹೊಡೆದಾಗ ಎಂಜಿನ್ನು ಮೊದಲ ಸಲಕ್ಕೇ ಹಿಡಿಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಟ್ಟಿಯ ಮೈಯಿಂದ ತೆಳ್ಳಗೆ ಆವಿ ಎದ್ದಿತು, ಆವಿ ಹೊಗೆಯಾಯಿತು, ಹೊಗೆ ಬೆಳ್ಳಗೆ ದಟ್ಟವಾಗಿ ಮೆಟ್ಟಿಲ ಸಂದಿಯಿಂದ ಮೇಲೇರಿತು. ಮೊದಲ ಸಲ ಹೊಗೆ ಬರುತ್ತದೆ, ಪಟ್ಟಿ ಒಣಗಿ ಬಿಗಿಯುವುದೇ ಹಾಗೆ, ಇದು ಗ್ಯಾರೇಜಿನಲ್ಲಿ ಎಷ್ಟೋ ಸಲ ನೋಡಿದ್ದು. ಆದರೆ ಕೆಳಮನೆಯ ಡ್ರಿಲ್ ಮಾಸ್ತರು ನೋಡಿರಲಿಲ್ಲ. ನಿವೃತ್ತರಾಗಿ ವರ್ಷಗಳಾದರೂ ಸೀಟಿ ಕೊರಳಲ್ಲಿ ಇರುವವರ ಹಾಗೇ ನಡೆಯುವ ಅವರು ಬನಿಯನ್ನಿನಲ್ಲೇ ಓಡಿಬಂದು, "ಬೆಂಕಿ! ಎಲ್ಲರೂ ಆಚೆ!" ಎಂದು ಕೂಗಿ, ಅಲ್ಲೇ ಇದ್ದ ಬಕೆಟ್ಟನ್ನು ಎತ್ತಿಬಿಟ್ಟರು.

"ಬೇಡಿ ಮಾಸ್ತರೇ, ಇಳಿಸಿ!" ಮಿಣುಕಿ ಪೈಪಿಗೂ ಅವರಿಗೂ ನಡುವೆ ಅಡ್ಡ ನಿಂತಳು. "ನೀರು ಬಿದ್ರೆ ಎಲ್ಲಾ ಹಾಳು."

"ಹೊಗೆ ಬರ್ತಿದೆಯಲ್ಲಮ್ಮ!"

"ಬರ್ಲಿ."

"ನೀನು ಮೊದಲೇ ಎಲ್ಲೋ ನೋಡ್ತಾ ಇರೋ ಹುಡುಗಿ..." ಎಂದು ಶುರು ಮಾಡಿದವರು ಮೆಟ್ಟಿಲ ಮೇಲೆ ಕೂತ ಅಕ್ಕನನ್ನು ಕಂಡು ಮಾತು ನುಂಗಿದರು. ನುಂಗಿದ್ದು ಗಂಟಲಲ್ಲಿ ಇಳಿಯುವುದೂ ಕಾಣಿಸಿತು. ಬೇರೆ ದಿನವಾಗಿದ್ದರೆ ಆ ಅರ್ಧ ಮಾತನ್ನು ಇಡೀ ವಾರ ಹೊತ್ತು ತಿರುಗುತ್ತಿದ್ದಳು. "ನೋಡ್ತಾನೇ ಇದ್ದೀನಿ ಮಾಸ್ತರೇ" ಎಂದಳು. ಅವರು ಬಕೆಟ್ಟು ಇಳಿಸಿದರು. ಕೈ ಕೆರೆದುಕೊಳ್ಳುತ್ತ ಒಳಗೆ ಹೋದರು. ಅಕ್ಕ ಅಂಗೈಯಲ್ಲಿ ಮೂಗು ಮುಚ್ಚಿಕೊಂಡು ನಗುತ್ತಿದ್ದಳು, ಅಥವಾ ಕೆಮ್ಮುತ್ತಿದ್ದಳು.

ಹೊಗೆ ಕಡಿಮೆಯಾಯಿತು, ನಿಂತಿತು. ಮಿಣುಕಿ ಬೈಕನ್ನು ಓಣಿಯ ಉದ್ದಕ್ಕೂ ಓಡಿಸಿ, ತಿರುಗಿಸಿ, ಮತ್ತೆ ಓಡಿಸಿ ತಂದು ಮೆಟ್ಟಿಲ ಮುಂದೆ ನಿಲ್ಲಿಸಿದಳು. ಎಂಜಿನ್ನು ಆರಿಸಲಿಲ್ಲ. ಪ್ಯಾಂಟಿನ ಕಾಲನ್ನು ಮೊಣಕಾಲವರೆಗೆ ಮಡಿಚಿ, ಫುಟ್‌ರೆಸ್ಟಿನ ಕೆಳಗೆ, ಬೆಳಿಗ್ಗೆ ಕಲೆ ಇದ್ದ ಜಾಗಕ್ಕೆ ಸರಿಯಾಗಿ, ತನ್ನ ಬರಿಯ ಮೀನಖಂಡವನ್ನು ಒತ್ತಿದಳು. ಬಿಸಿ ಏರಿತು. ಒಲೆಯ ಪಕ್ಕ ಇಟ್ಟ ಪಾತ್ರೆಯ ಬಿಸಿ. ಹಲ್ಲು ಕಚ್ಚಿದಳು. ಅದು ಬೆಳೆಯುತ್ತಲೇ ಇತ್ತು, ಆದರೆ ಕಚ್ಚಲಿಲ್ಲ. ಕಾಲು ತೆಗೆದಾಗ ಚರ್ಮ ಕೆಂಪಗಾಗಿತ್ತು, ಅಷ್ಟೇ.

"ನೋಡು! ಸುಡಲ್ಲ!"

"ಎಷ್ಟು ಹೊತ್ತು ಇಟ್ಟೆ?"

"ಇಟ್ಟೆನಲ್ಲ."

"ನೀನು ಬಿಸಿ ಆಯ್ತು ಅಂತ ತೆಗೆದೆ. ನನ್ನ ಕಾಲು ತೆಗೆಯಲ್ಲ. ಸೇತುವೆ ದಾಟೋವರೆಗೂ ಅಲ್ಲೇ ಬಿದ್ದಿರುತ್ತೆ, ಚಕಾರ ಎತ್ತಲ್ಲ. ಅಷ್ಟು ಹೊತ್ತು ಇಡು ನೋಡೋಣ."

ಮಿಣುಕಿ ಮತ್ತೆ ಕಾಲಿಟ್ಟಳು. ಈ ಸಲ ಬಿಸಿ ಬೇಗ ಏರಿತು. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಇಡಬಹುದು, ಕಣ್ಣು ಮುಚ್ಚಿಕೊಂಡು ಇನ್ನಷ್ಟು ಹೊತ್ತು ಇಡಬಹುದು, ಆಮೇಲೆ ಏನೂ ಆಗಲಿಲ್ಲ ಎಂದು ನಕ್ಕುಬಿಡಬಹುದು. ಬೆಳಿಗ್ಗೆಯಿಂದ ಮಾಡಿದ ಕೆಲಸವೆಲ್ಲ ಆ ಒಂದು ಸುಳ್ಳನ್ನು ಕೈಚಾಚಿ ಕೇಳುತ್ತಿತ್ತು. ಈ ಪಟ್ಟಿ ಸುತ್ತಿದರೆ ಆ ದಿನವೂ ಸುತ್ತಿ ಮುಚ್ಚಿಹೋಗುತ್ತದೆ ಎಂದು ತಾನು ಎಲ್ಲೋ ಒಳಗೆ ಅಂದುಕೊಂಡಿದ್ದೆನೆಂಬುದು ಅವಳಿಗೆ ಆಗ ಕಂಡಿತು, ಕಂಡು ನಾಚಿಕೆಯಾಯಿತು. ಕಾಲು ತೆಗೆದಳು.

"ಆಗಲ್ಲ ಅಕ್ಕ. ಬಹಳ ಹೊತ್ತು ಇಟ್ರೆ ಇದೂ ಸುಡುತ್ತೆ. ಮೊದಲಿನ ಹಾಗೆ ಮುಟ್ಟಿದ ಕೂಡಲೇ ಅಲ್ಲ, ಆದ್ರೆ ಸುಡುತ್ತೆ. ಇದರ ಮೇಲೆ ತಗಡಿನ ಗಾರ್ಡು ಬೇಕು. ನಾಳೆ ಮಿಸ್ತ್ರಿ ಹತ್ರ ಹಾಕಿಸ್ತೀನಿ. ಇವತ್ತು ಇಷ್ಟೇ ನನ್ನ ಕೈಲಾಗಿದ್ದು."

ಅಕ್ಕನ ಮುಖದಲ್ಲಿ ಏನೋ ಇಳಿಯಿತು, ಬಿಗಿದ ಸ್ಕ್ರೂ ಒಂದು ಸುತ್ತು ಸಡಿಲವಾದ ಹಾಗೆ. "ಪೈಪಿನ ಬ್ಯಾಂಡೇಜು ಆಯ್ತು, ತಗಡೂ ಹಾಕಿಸು. ಆದ್ರೆ ನನಗೆ ಬೇಕಾಗಿರೋದು ಅದಲ್ಲ" ಎಂದಳು. "ನನ್ನ ಕಾಲು ಎಲ್ಲಿದೆ ಅಂತ ನನಗೆ ಗೊತ್ತಾಗಲ್ಲ. ಕೂತಾಗ ಬಗ್ಗಿ ನೋಡೋಕೂ ಆಗಲ್ಲ, ಬೆನ್ನು ಬಿಡಲ್ಲ. ನೀನು ನೋಡ್ಬೇಕು. ಬೈಕು ನಿಂತಾಗೆಲ್ಲ ಕೈ ಹಿಂದೆ ತಂದು ಮುಟ್ಟಿ ನೋಡ್ಬೇಕು. ಜಾರಿದ್ರೆ ಎತ್ತಿಡ್ಬೇಕು. ಇವತ್ತು ಮಾತ್ರ ಅಲ್ಲ, ದಿನಾ. ನಿನಗೆ ಬೇಜಾರಾದ ದಿನವೂ. ಕಥೆ ಬೇಡ ನನಗೆ, ಕೈ ಬೇಕು."

"ಮುಟ್ತೀನಿ."

"ಹೂಂ ಅನ್ನೋದು ಸುಲಭ."

ಓಣಿಯ ತುದಿಯಲ್ಲಿ ಟ್ಯಾಕ್ಸಿ ನಿಂತಿತು. ಅತ್ತೆ ಇಳಿದರು, ದೊಡ್ಡ ಮೈ, ಸಣ್ಣ ಪರ್ಸು, ಬರುವಾಗಲೇ ಶುರುವಾದ ಮಾತು. "ಏನಿದು ಸುಟ್ಟ ವಾಸನೆ ಬೀದಿಗೆಲ್ಲ? ಬ್ಯಾಗು ಎಲ್ಲಿ? ಟ್ಯಾಕ್ಸಿಯವನು ಕಾಯಲ್ಲ." ಬೈಕಿನ ಪಕ್ಕ ಬೂದು ಪಟ್ಟಿ ಕಂಡು ನಿಂತರು. "ಓಹೋ. ಗಾಯ ಆಗಿದ್ದು ಅವಳ ಕಾಲಿಗೆ, ಬ್ಯಾಂಡೇಜು ಇದಕ್ಕಾ?"

ಮಿಣುಕಿ ತಲೆ ತಗ್ಗಿಸಲಿಲ್ಲ. ಉತ್ತರ ಕೊಡಬೇಕಾದವಳು ಅಕ್ಕ. ಅಕ್ಕ ಕೋಲು ಊರಿ ಎದ್ದಳು. "ಅತ್ತೆ, ಬ್ಯಾಗು ಮಂಚದ ಮೇಲಿದೆ. ತಗೊಂಡು ಟ್ಯಾಕ್ಸಿಲಿ ಇಟ್ಕೊಳ್ಳಿ. ನಾನು ಇವಳ ಹಿಂದೆ ಕೂತು ಅಂಗಡಿವರೆಗೆ ಬರ್ತೀನಿ. ನೀವು ನಮ್ಮ ಹಿಂದೇನೇ ಬನ್ನಿ. ಅಲ್ಲಿ ಇಳಿದು ನನ್ನ ಕಾಲು ನೋಡಿ. ಗುಳ್ಳೆ ಎದ್ದಿದ್ರೆ ನಿಮ್ಮ ಮನೆಗೆ ಬರ್ತೀನಿ, ಇನ್ನೊಂದು ಮಾತಿಲ್ಲ."

"ಇಲ್ದಿದ್ರೆ?"

"ಇಲ್ದಿದ್ರೆ ವಾಪಸು ಇವಳ ಜೊತೆ."

"ನಿಮ್ಮಿಬ್ಬರಿಗೂ ತಲೆ ಕೆಟ್ಟಿದೆ" ಎಂದರು ಅತ್ತೆ. ಆದರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬ್ಯಾಗು ತಂದರು.

ಅಕ್ಕ ಹತ್ತಿ ಕೂತಳು. ಕೋಲನ್ನು ಇಬ್ಬರ ನಡುವೆ ಅಡ್ಡ ಹಾಕಿದಳು. ಮಿಣುಕಿ ಬಗ್ಗಿ ಅಕ್ಕನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ಫುಟ್‌ರೆಸ್ಟಿನ ಮೇಲಿಟ್ಟಳು. ಆ ಕಾಲನ್ನು ಅವಳು ಆ ದಿನದಿಂದ ಮುಟ್ಟಿರಲಿಲ್ಲ. ಹೊಸ ಚರ್ಮ ನುಣ್ಣಗೆ, ಸ್ವಲ್ಪ ತಣ್ಣಗೆ, ಬೇರೆಯವರ ಮಗುವಿನ ಕೆನ್ನೆಯ ಹಾಗಿತ್ತು.

ಬೈಕು ಹೊರಟಿತು. ಮಿಣುಕಿಯ ಬಾಯಿಯಲ್ಲಿ ಕಥೆ ಇರಲಿಲ್ಲ. ಕಥೆ ಇಲ್ಲದ ರಸ್ತೆ ಎಷ್ಟು ಉದ್ದ, ಎಷ್ಟು ಗುಂಡಿ, ಎಷ್ಟು ಅಂಗಡಿಗಳ ಮುಚ್ಚಿದ ಬಾಗಿಲು! ಮೊದಲ ಸಲ ವೇಗ ತಗ್ಗಿದಾಗ ಎಡಗೈಯಲ್ಲಿ ಕ್ಲಚ್ಚು ಹಿಡಿದು ಬಲಗೈಯನ್ನು ಹಿಂದೆ ತಂದಳು. ಕಾಲು ಇತ್ತು, ಇದ್ದಲ್ಲೇ. ಎರಡನೆಯ ಸಲವೂ ಇತ್ತು. ಸೇತುವೆಯ ಮೇಲೆ ವಾಹನಗಳು ಇರುವೆ ಸಾಲಾಗಿದ್ದವು, ಒಂದಿಷ್ಟು ಸರಿದು ನಿಲ್ಲುವುದು, ಮತ್ತೆ ಸರಿಯುವುದು. ಅಲ್ಲೊಮ್ಮೆ ಕೈ ಹಿಂದೆ ಹೋದಾಗ ಫುಟ್‌ರೆಸ್ಟು ಖಾಲಿಯಾಗಿತ್ತು. ಕೈ ಕೆಳಗಿಳಿಯಿತು. ಅಕ್ಕನ ಮೀನಖಂಡ ಪಟ್ಟಿಗೆ ಒರಗಿ, ತೂಕಡಿಸುವವರ ತಲೆಯ ಹಾಗೆ, ನಿಶ್ಚಿಂತವಾಗಿ ಬಿದ್ದಿತ್ತು. ಅಕ್ಕ ನದಿ ನೋಡುತ್ತಿದ್ದಳು.

ಮುಂದಿನ ಸಾಲು ಸರಿಯಿತು. ಹಿಂದೆ ಹಾರ್ನುಗಳು ಶುರುವಾದವು. ಅದರಲ್ಲಿ ಒಂದು ಅತ್ತೆಯ ಟ್ಯಾಕ್ಸಿಯದು, ಅತ್ತೆಯೇ ಡ್ರೈವರಿಗೆ ಒತ್ತು ಎನ್ನುತ್ತಿದ್ದಿರಬೇಕು. ಮಿಣುಕಿ ಬೈಕನ್ನು ಸ್ಟ್ಯಾಂಡಿಗೆ ಹಾಕಲೂ ಆಗದೆ, ಎರಡೂ ಕಾಲು ನೆಲಕ್ಕೂರಿ, ಸೊಂಟ ತಿರುಗಿಸಿ, ಆ ಕಾಲನ್ನು ಹಿಮ್ಮಡಿಯಿಂದ ಹಿಡಿದು ಎತ್ತಿದಳು. ಒಂದೇ ಕೈಗೆ ಅದು ಭಾರ. ಜಾರಿತು. ಮತ್ತೆ ಎತ್ತಿದಳು. "ಏಯ್, ಗಾಡಿ ತೆಗಿಯಮ್ಮ! ಸೇತುವೆ ನಿಮ್ಮಪ್ಪಂದಾ?" ಪಕ್ಕದ ಲಾರಿಯಿಂದ ಯಾರೋ ಕೂಗಿದರು. "ಸ್ವಲ್ಪ ಇರಿ" ಎಂದಳು, ಅವನಿಗೆ ಕೇಳಿಸುವಷ್ಟು ಜೋರಾಗಿ ಅಲ್ಲ. ಪಾದವನ್ನು ಫುಟ್‌ರೆಸ್ಟಿನ ಮೇಲಿಟ್ಟು, ಬೆರಳುಗಳು ಮುಂದಕ್ಕೆ ಬರುವಂತೆ ತಿರುಗಿಸಿ, ಅಲ್ಲಾಡಿಸಿ, ಕೂತಿತೆಂದು ಗಟ್ಟಿಯಾದ ಮೇಲೆಯೇ ಕೈ ತೆಗೆದಳು.

"ಏನಾಯ್ತೇ?" ಎಂದಳು ಅಕ್ಕ.

"ಜಾರಿತ್ತು."

"ಎಷ್ಟು ಹೊತ್ತಿಂದ?"

"ಗೊತ್ತಿಲ್ಲ."

ಅಕ್ಕ ಮಿಣುಕಿಯ ಭುಜವನ್ನು ಬಿಗಿಯಾಗಿ ಹಿಡಿದಳು. ಅಂಗಡಿಯವರೆಗೂ ಬಿಡಲಿಲ್ಲ.

ಭಾನುವಾರದ ಅಂಗಡಿ ಮುಚ್ಚಿತ್ತು. ಅದರ ಮುಂದಿನ ಕಟ್ಟೆಯ ಮೇಲೆ ಅಕ್ಕನನ್ನು ಕೂರಿಸಿದ ಕೂಡಲೇ ಟ್ಯಾಕ್ಸಿ ಬಂತು. ಅತ್ತೆ ಇಳಿದು, ಬೀದಿಯಲ್ಲಿ ಜನ ನೋಡುತ್ತಿದ್ದಾರೆಂದೂ ಲೆಕ್ಕಿಸದೆ, ದೊಡ್ಡ ಮೈಯನ್ನು ಕಷ್ಟಪಟ್ಟು ನೆಲಕ್ಕಿಳಿಸಿ ಮಂಡಿಯೂರಿದರು. ಅಕ್ಕನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಪರ್ಸಿನಿಂದ ಕನ್ನಡಕ ತೆಗೆದು ಹಾಕಿ, ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಮಿಣುಕಿ ಬೈಕಿನ ಪಕ್ಕ ನಿಂತಿದ್ದಳು. ಏನಾದರೂ ಸರಿ, ಅಂದುಕೊಂಡಳು. ಗುಳ್ಳೆ ಇದ್ದರೆ ನಾಳೆ ತಗಡು ಹಾಕಿಸಿ ಅತ್ತೆಯ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ, ನಾಡಿದ್ದೂ ನಿಲ್ಲುತ್ತೇನೆ.

"ಕೆಂಪಗಿದೆ" ಎಂದರು ಅತ್ತೆ.

"ಗುಳ್ಳೆ?" ಎಂದಳು ಅಕ್ಕ.

ಅತ್ತೆ ಕನ್ನಡಕ ಸರಿಮಾಡಿಕೊಂಡರು. ಇನ್ನೊಮ್ಮೆ ಒತ್ತಿದರು. ಕೆಂಪು ಬೆರಳ ಕೆಳಗೆ ಬೆಳ್ಳಗಾಗಿ, ಮೆಲ್ಲಗೆ ಮರಳಿ ಬಂತು. "ಇಲ್ಲ" ಎಂದರು. "ಸೇತುವೆ ಮೇಲೆ ಊರೇ ಬಯ್ತಿತ್ತು ಅವಳನ್ನ. ನಾನೂ ಬೈದೆ. ಕಾಲು ಬಿಡಲಿಲ್ಲ ನೋಡು ಮಹರಾಯ್ತಿ." ಮಿಣುಕಿಯ ಕಡೆ ನೋಡದೆಯೇ ಕೈ ಚಾಚಿದರು. "ಎಬ್ಬಿಸೇ ನನ್ನ. ಕೂತಿದ್ದಾಯ್ತು, ಏಳೋಕಾಗ್ತಿಲ್ಲ."

ಮಿಣುಕಿ ಎಬ್ಬಿಸಿದಳು. ಅತ್ತೆ ಟ್ಯಾಕ್ಸಿಯ ಬಾಗಿಲು ತೆರೆದು, ಬ್ಯಾಗನ್ನು ಹೊರಗೆಳೆದು ಕಟ್ಟೆಯ ಮೇಲಿಟ್ಟು, ಧೂಳು ಕೊಡವಿ, ತಮ್ಮ ಗಲ್ಲಿಯ ಕಡೆ ನಡೆದರು. ಅಕ್ಕ ಬ್ಯಾಗನ್ನು ಮಡಿಲಿಗೆ ಎಳೆದುಕೊಂಡು ಬೈಕು ಹತ್ತಿದಳು.

"ಬ್ಯಾಗು ಅಡ್ಡ ಬಂದು ಕೈ ಹಿಂದೆ ಬರಲ್ಲ" ಎಂದಳು ಮಿಣುಕಿ. "ಕೊಡಿಲ್ಲಿ. ಟ್ಯಾಂಕಿನ ಮೇಲೆ ಇಟ್ಕೋತೀನಿ."